ಹೊಸಬರ ಮೊದಲ ಎರಡು ದಿನ
(ಕೈತೋಟದ ವಾಟ್ಸಾಪ್ ಗುಂಪುಗಳ ಅಡ್ಮಿನ್‌ಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರೆಲ್ಲ ಒಂದಲ್ಲ ಒಂದು ಕೈತೋಟದ, ತಾರಸಿ ತೋಟದ ಗುಂಪು ನಡೆಸುವವರು. ಗೊಬ್ಬರ, ಬೀಜ, ಹುಳುವಿನ ವಿಷಯ ನಿಮಗೆ ಹೇಳಬೇಕಾದ್ದಿಲ್ಲ. ಇವತ್ತು ಮಾತಾಡಬೇಕಿರುವುದು ಗುಂಪಿಗೆ ಹೊಸದಾಗಿ ಬಂದವರ ಬಗ್ಗೆ.

ಸಾಮಾನ್ಯವಾಗಿ ಆಗುವುದು ಹೀಗೆ. ಲಿಂಕ್ ಒತ್ತಿ ಒಬ್ಬರು ಒಳಗೆ ಬರುತ್ತಾರೆ. "ಸ್ವಾಗತ, ದಯವಿಟ್ಟು ನಿಮ್ಮ ಪರಿಚಯ ಮಾಡಿಕೊಳ್ಳಿ" ಅನ್ನುತ್ತೀರಿ. ಅವರು ಹೆಸರು, ಊರು ಬರೆದು "ಗಿಡ ಅಂದರೆ ತುಂಬಾ ಇಷ್ಟ, ಕಲಿಯಲು ಬಂದಿದ್ದೇನೆ" ಎಂದು ಮುಗಿಸುತ್ತಾರೆ. ಅದರ ಕೆಳಗೆ ಮೂವತ್ತು "ಸ್ವಾಗತ", ಕೈಮುಗಿದ ಚಿತ್ರ, ಹೂಗುಚ್ಛ. ಹತ್ತು ನಿಮಿಷದಲ್ಲಿ ಆ ಪರಿಚಯ ಮೇಲೆ ಸರಿದು ಹೋಗಿರುತ್ತದೆ. ಆಮೇಲೆ ಅವರು ಮಾತೇ ಆಡುವುದಿಲ್ಲ. ಗುಂಪಿನವರಿಗೆ ಆದರ ಇಲ್ಲ ಅಂತಲ್ಲ, ಹಿಡಿದುಕೊಂಡು ಮಾತು ಮುಂದುವರಿಸಲು ಅದರಲ್ಲಿ ಏನೂ ಇರಲಿಲ್ಲ. ಗಿಡ ಇಷ್ಟಪಡುವ ಐನೂರು ಜನರ ನಡುವೆ "ಗಿಡ ಇಷ್ಟ" ಅಂದರೆ ಯಾರು ಏನೆಂದು ಉತ್ತರ ಕೊಡಬೇಕು?

ಅದಕ್ಕೇ "ಪರಿಚಯ ಮಾಡಿಕೊಳ್ಳಿ" ಅನ್ನುವುದನ್ನು ಬಿಟ್ಟು ನಾಲ್ಕು ಸಣ್ಣ ಪ್ರಶ್ನೆ ಕೇಳಿ. ನಿಮ್ಮನ್ನು ಏನೆಂದು ಕರೆಯಬೇಕು? ಯಾವ ಊರು, ಯಾವ ಬಡಾವಣೆ? ಗಿಡ ಇಡುವ ಜಾಗ ಎಂಥದ್ದು, ಅಲ್ಲಿ ಎಷ್ಟು ಹೊತ್ತು ಬಿಸಿಲು? ಈಗ ನಿಮಗೆ ಬೇಕಾದದ್ದೇನು, ಕೊಡಲು ಏನಿದೆ? ಜೊತೆಗೆ ಜಾಗದ ಒಂದು ಫೋಟೊ. ಒಂದೇ ಸಾಕು, ಹತ್ತು ಹಾಕಿದರೆ ಯಾವುದನ್ನೂ ಯಾರೂ ನೋಡುವುದಿಲ್ಲ.

ಹೀಗೆ ಕೇಳಿದಾಗ ಬರುವ ಉತ್ತರ ಎಂಥದ್ದಿರುತ್ತದೆ ನೋಡಿ. ಹೆಸರು ಬಿಟ್ಟು ಉಳಿದದ್ದನ್ನು ಮಾದರಿಗೆ ಓದುತ್ತೇನೆ: "ಮೈಸೂರು, ಕುವೆಂಪುನಗರ. ಎರಡನೇ ಮಹಡಿ ಬಾಲ್ಕನಿ, ಎಂಟು ಕುಂಡ. ಬೆಳಗ್ಗೆ ಮೂರು ಗಂಟೆ ಬಿಸಿಲು. ಟೊಮೆಟೊ ಹೂ ಬಿಡತ್ತೆ, ಕಾಯಿ ಕಚ್ಚಲ್ಲ. ದೊಡ್ಡಪತ್ರೆ ತುಂಬಾ ಇದೆ, ಬೇಕಾದವರಿಗೆ ಕಡ್ಡಿ ಕೊಡ್ತೀನಿ." ಇಷ್ಟು ಸಾಕು. ಇದಕ್ಕೆ ಉತ್ತರ ತಾನಾಗಿ ಹುಟ್ಟುತ್ತದೆ: "ಮೇಡಂ, ಟೊಮೆಟೊಗೆ ಮೂರು ಗಂಟೆ ಸಾಲದು, ಆರು ಗಂಟೆಯಾದರೂ ಬಿಸಿಲು ಬೇಕು. ಹೂ ಬಿಟ್ಟಿರುವ ಗೊಂಚಲನ್ನು ಬೆಳಗ್ಗೆ ಮೆಲ್ಲಗೆ ಅಲುಗಿಸಿ ನೋಡಿ, ಪರಾಗ ಉದುರತ್ತೆ. ಆ ಜಾಗಕ್ಕೆ ಪಾಲಕ್, ಪುದೀನ ಒಗ್ಗತ್ತೆ. ದೊಡ್ಡಪತ್ರೆ ಕಡ್ಡಿ ನನಗೆ ಬೇಕು, ನಾನೂ ಅಲ್ಲೇ ಹತ್ತಿರ ಇರೋದು."

ಈ ಉತ್ತರದ ಕೊನೆಯ ಸಾಲನ್ನು ಗಮನಿಸಿ. ಬಂದ ದಿನವೇ ಹೊಸಬರು ಕೊಡುವವರಾದರು. ಸಹಾಯ ಕೇಳುತ್ತಲೇ ಇರುವವರಿಗೆ ನಾಲ್ಕನೇ ಸಲ ಕೇಳುವ ಹೊತ್ತಿಗೆ ಸಂಕೋಚ ಬರುತ್ತದೆ, ಒಮ್ಮೆ ಕೊಟ್ಟವರಿಗೆ ಆ ಸಂಕೋಚ ಇರುವುದಿಲ್ಲ. ಹಾಗಾಗಿ "ಕೊಡಲು ಏನಿದೆ" ಅನ್ನುವುದನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. "ನನ್ನ ಹತ್ತಿರ ಏನೂ ಇಲ್ಲ" ಅನ್ನುವವರೇ ಜಾಸ್ತಿ. ನೀವೇ ನೆನಪಿಸಿ: ಖಾಲಿ ಪೇಂಟ್ ಬಕೆಟ್, ತೆಂಗಿನ ನಾರು, ಹಳೆಯ ಸೀರೆ, ಊರಿಂದ ತರಬಹುದಾದ ಸಗಣಿ ಗೊಬ್ಬರ. ಭಾನುವಾರ ಒಂದು ಗಂಟೆ ಮಣ್ಣು ಹೊರಲು ಕೈ ಕೊಡುವುದೂ ಕೊಡುಗೆಯೇ.

ಏನು ಕೇಳಬಾರದು ಅನ್ನುವುದೂ ಅಷ್ಟೇ ಮುಖ್ಯ. ಮನೆ ನಂಬರ್, ವಯಸ್ಸು, ಕೆಲಸ, ಸಂಬಳ, ಯಾವುದೂ ಬೇಡ. "ನೀವು ಯಾವ ಕಡೆಯವರು", "ಯಾರ ಪೈಕಿ" ಅನ್ನುವ ಪ್ರಶ್ನೆ ನಮ್ಮಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. ಜಾತಿ ಕೇಳುವ ಆ ಬಾಗಿಲನ್ನು ಗುಂಪಿನಲ್ಲಿ ತೆರೆಯಲೇಬಾರದು. ಯಾರಾದರೂ ಕೇಳಿದರೆ ಅಡ್ಮಿನ್ ಆ ಕ್ಷಣವೇ ತಡೆಯಬೇಕು, ಮರುದಿನಕ್ಕೆ ಬಿಡಬಾರದು. ಇನ್ನೊಂದು, ಗುಂಪಿಗೆ ಸೇರಿದ ಕೂಡಲೇ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಮಾತಾಡದೆ ಇರಲು ಇದೇ ದೊಡ್ಡ ಕಾರಣ. ಒಪ್ಪಿಗೆ ಕೇಳದೆ ಖಾಸಗಿಯಾಗಿ ಮೆಸೇಜ್ ಮಾಡುವಂತಿಲ್ಲ ಅನ್ನುವ ನಿಯಮ ಗುಂಪಿನ ವಿವರಣೆಯ ಮೊದಲ ಸಾಲಿನಲ್ಲೇ ಇರಲಿ, ದೂರು ಯಾರಿಗೆ ಕೊಡಬೇಕು ಅನ್ನುವುದೂ ಅಲ್ಲೇ ಇರಲಿ. ಆ ಹೊಣೆ ಒಬ್ಬ ಮಹಿಳಾ ಅಡ್ಮಿನ್ ಹೊತ್ತರೆ ಒಳ್ಳೆಯದು.

ಇನ್ನು ಕೆಲಸದ ಕ್ರಮ. ವಾಟ್ಸಾಪ್ ಗುಂಪಿಗೆ 1024 ಜನರವರೆಗೆ ಸೇರಬಹುದು. ಸೇರಿಸಬಹುದು ಅಂತ ಸೇರಿಸುತ್ತಾ ಹೋಗಬೇಡಿ. ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ. ಬುಧವಾರ ಐದಾರು, ಶನಿವಾರ ಐದಾರು ಜನರನ್ನು ಒಳಗೆ ಬಿಡಿ. ಒಂದೇ ದಿನ ನಲವತ್ತು ಜನ ಬಂದರೆ ಯಾರ ಮುಖವೂ ಯಾರಿಗೂ ನೆನಪಿರುವುದಿಲ್ಲ. ಒಪ್ಪಿಗೆ ಕೊಡುವ ಮುಂಚೆಯೇ ನಾಲ್ಕು ಪ್ರಶ್ನೆಯನ್ನು ಅವರ ಇನ್‌ಬಾಕ್ಸಿಗೆ ಕಳಿಸಿ. ಟೈಪ್ ಮಾಡಲು ಕಷ್ಟ ಅನ್ನುವವರು ಒಂದು ನಿಮಿಷದ ಧ್ವನಿ ಸಂದೇಶ ಕಳಿಸಲಿ, ನೀವು ಬರೆದುಕೊಂಡು ಅವರ ಒಪ್ಪಿಗೆ ಪಡೆದು ಗುಂಪಿಗೆ ಹಾಕಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ತಿದ್ದಲು ಹೋಗಬೇಡಿ. ಮೊದಲ ದಿನವೇ ತಿದ್ದಿಸಿಕೊಂಡವರು ಎರಡನೇ ಸಲ ಬರೆಯುವುದು ಅಪರೂಪ.

ಪರಿಚಯವನ್ನು ಸಂಜೆ ಏಳರಿಂದ ಒಂಬತ್ತರೊಳಗೆ ಹಾಕುವುದು ಒಳ್ಳೆಯದು. ಬೆಳಗ್ಗೆ ಹಾಕಿದರೆ ಶುಭೋದಯದ ಚಿತ್ರಗಳ ಕೆಳಗೆ ಹೂತು ಹೋಗುತ್ತದೆ. ಸ್ವಾಗತ ಕೋರುವವರು ಆ ಸಂದೇಶವನ್ನು ಒತ್ತಿ ಹಿಡಿದು ಒಂದು ಹೂವಿನ ರಿಯಾಕ್ಷನ್ ಹಾಕಲಿ. ಬರೆಯುವುದಾದರೆ ಆ ನಾಲ್ಕು ಉತ್ತರಗಳಲ್ಲಿ ಒಂದನ್ನು ಹಿಡಿದು, ಅದೇ ಸಂದೇಶಕ್ಕೆ ರಿಪ್ಲೈ ಮಾಡಿ ಬರೆಯಲಿ.

ಆಮೇಲೆ ಅಡ್ಮಿನ್ ಮಾಡಬೇಕಾದ ಅಸಲು ಕೆಲಸ. ಇಪ್ಪತ್ತನಾಲ್ಕು ಗಂಟೆಯೊಳಗೆ ಹೊಸಬರನ್ನು ಯಾರಾದರೂ ಒಬ್ಬರ ಜೊತೆ ಜೋಡಿಸಬೇಕು. "ಯಾರಾದರೂ ಸಹಾಯ ಮಾಡಿ" ಅಂದರೆ ಬೇರೆ ಯಾರೋ ಮಾಡುತ್ತಾರೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಹೆಸರು ಟ್ಯಾಗ್ ಮಾಡಿ ಕೇಳಿ, ಅದಕ್ಕೂ ಮುಂಚೆ ಅವರಿಗೆ ಖಾಸಗಿಯಾಗಿ ಒಂದು ಮಾತು ಹೇಳಿರಿ. ಗುಂಪಿನ ದೊಡ್ಡ ಜಾಣರನ್ನೇ ಪ್ರತಿ ಸಲ ಎಳೆಯಬೇಡಿ. ಆರು ತಿಂಗಳ ಹಿಂದೆ ಸೇರಿ, ಬಾಲ್ಕನಿಯಲ್ಲಿ ಅದೇ ಕಷ್ಟ ಪಟ್ಟು ದಾಟಿದವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ, ಅವರ ಉತ್ತರ ಕೇಳುವವರ ಮಟ್ಟಕ್ಕೆ ಇರುತ್ತದೆ. ಯಾರು, ಯಾವ ಬಡಾವಣೆ, ಬೇಕಾದದ್ದು, ಕೊಡುವುದು ಎಂದು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕಿಟ್ಟುಕೊಂಡರೆ ಈ ಜೋಡಣೆ ಎರಡು ನಿಮಿಷದ ಕೆಲಸ. ಹೊರದೇಶದಿಂದ ಸೇರಿದ ಕನ್ನಡಿಗರನ್ನು ಮಾತ್ರ ಬಡಾವಣೆಯ ಬದಲು ಹವಾಮಾನ ನೋಡಿ ಜೋಡಿಸಿ. ಹಿಮ ಬೀಳುವ ಊರಲ್ಲಿ ಬಸಳೆ ಬೆಳೆಸುವವರಿಗೆ ಅಂಥದ್ದೇ ಊರಿನವರು ಬೇಕು. ಅವರಿಗೆ ಅಂಚೆಯಲ್ಲಿ ಬೀಜ ಕಳಿಸುತ್ತೇವೆ ಎಂದು ಯಾರಾದರೂ ಹುರುಪಿನಲ್ಲಿ ಹೇಳಿದರೆ ತಡೆಯಿರಿ. ಹಲವು ದೇಶಗಳಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ಬೀಜವನ್ನು ಒಳಗೆ ಬಿಡುವುದಿಲ್ಲ.

ಹಳಬರು ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. "ಇದನ್ನು ಎಷ್ಟು ಸಲ ಹೇಳಿದ್ದೇವೆ, ಮೇಲೆ ಹುಡುಕಿ ನೋಡಿ" ಅನ್ನುತ್ತಾರೆ. ತಾವು ಸೇರುವ ಮುಂಚಿನ ಸಂದೇಶಗಳು ಹೊಸಬರಿಗೆ ತಾವಾಗಿ ಕಾಣುವುದಿಲ್ಲ. ಇಲ್ಲದ್ದನ್ನು ಅವರು ಎಲ್ಲಿ ಹುಡುಕಬೇಕು? ಹಿಟ್ಟು ತಿಗಣೆಗೆ ಒಂದು ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ, ಸಿಂಪಡಿಸುವುದು ಸಂಜೆ ಹೊತ್ತು: ಇಂಥ ಪದೇ ಪದೇ ಬರುವ ಉತ್ತರಗಳನ್ನು ಒಂದೇ ಸಂದೇಶವಾಗಿ ಬರೆದು ಪಿನ್ ಮಾಡಿಡಿ. ಪಿನ್ 30 ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ತಿಂಗಳಿಗೊಮ್ಮೆ ಮತ್ತೆ ಮಾಡಬೇಕು. ಅದರಲ್ಲೇ ಸೊಪ್ಪು, ತರಕಾರಿಗಳ ಬೇರೆ ಬೇರೆ ಊರಿನ ಹೆಸರುಗಳ ಒಂದು ಪಟ್ಟಿ ಇರಲಿ. ಮಂಗಳೂರಿನವರ ಹರಿವೆ ಬೆಂಗಳೂರಿನವರಿಗೆ ದಂಟು, ಧಾರವಾಡದವರಿಗೆ ರಾಜಗಿರಿ. ನಮ್ಮ ಗೋರಿಕಾಯಿ ಅಲ್ಲಿ ಚವಳಿಕಾಯಿ. ಹೆಸರು ತಿಳಿಯದೆ ಸುಮ್ಮನಾಗುವ ಹೊಸಬರು ಎಷ್ಟೋ ಜನ.

ಮಾತಾಡದವರನ್ನು ಏನು ಮಾಡುವುದು? ಏನೂ ಮಾಡಬೇಡಿ. ಪರಿಚಯ ಹೇಳದಿದ್ದರೆ ತೆಗೆದುಹಾಕುತ್ತೇವೆ ಅನ್ನುವ ಬೆದರಿಕೆ ಬೇಡ. ಓದಿಕೊಂಡು, ಮನೆಯಲ್ಲಿ ಗಿಡ ಬೆಳೆಸಿಕೊಂಡು ಸುಮ್ಮನಿರುವವರೂ ಗುಂಪಿನವರೇ.

ಹದಿನೈದನೇ ದಿನ ಮಾತ್ರ, ಮಾತಾಡಿದ ಹೊಸಬರನ್ನು ಒಂದು ಸಲ ವಿಚಾರಿಸಿ. "ಹೇಗಿದ್ದೀರಿ" ಅನ್ನಬೇಡಿ, ನೋಟ್‌ಬುಕ್ ತೆರೆದು "ಪಾಲಕ್ ಮೊಳಕೆ ಬಂತಾ, ದೊಡ್ಡಪತ್ರೆ ಕಡ್ಡಿ ಅವರಿಗೆ ಮುಟ್ಟಿತಾ" ಅಂತಲೇ ಕೇಳಿ. ಮೊಳಕೆ ಬಂದಿಲ್ಲ ಅಂದರೆ ಕುಂಡದ ಫೋಟೊ ಕಳಿಸಲು ಹೇಳಿ, ಬೀಜ ಎಷ್ಟು ಆಳಕ್ಕೆ ಹಾಕಿದ್ದರು ಎಂದು ವಿಚಾರಿಸಿ. ಪಾಲಕ್‌ಗೆ ಒಂದರಿಂದ ಎರಡು ಸೆಂಟಿಮೀಟರ್ ಆಳ ಸಾಕು.