ಮಳೆಯ ಊರಿನಲ್ಲಿ ಪೀಚ್ ಪೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಸಿಮೆಣಸಿನಕಾಯಿ ಆರಿಸುತ್ತಿದ್ದೆ. ಪಕ್ಕದ ಹಣ್ಣಿನ ವ್ಯಾಪಾರಿ ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳ ಬಿಚ್ಚಿದರು. ಒಳಗೆ ಕಾಗದದ ಚೂರುಗಳ ನಡುವೆ ಒಂದು ಕೆನ್ನೆ ಹಳದಿ, ಇನ್ನೊಂದು ಕೆನ್ನೆ ಕೆಂಪಾದ ಹಣ್ಣುಗಳು. ಮೈಮೇಲೆಲ್ಲ ಎಳೆಗೂಸಿನ ಕಿವಿಯ ಮೇಲಿರುವಂಥ ನವಿರು ರೋಮ. ನನ್ನ ಮುಂದಿದ್ದ ಅಜ್ಜಿಯೊಬ್ಬರು, "ಇದೇನಪ್ಪಾ?" ಎಂದು ಕೇಳಿದರು. "ಪೀಚ್ ಅಜ್ಜಿ, ಸೇಬಿನ ತಂಗಿ" ಎಂದರು ವ್ಯಾಪಾರಿ. ಸಂಬಂಧವನ್ನು ಸರಿಯಾಗಿ ಹೇಳುವುದಾದರೆ ಪೀಚ್ ಬಾದಾಮಿಗೆ ತಂಗಿ, ಸೇಬಿಗೆ ದೂರದ ನೆಂಟಳು. ಆದರೆ ಸಂತೆಯಲ್ಲಿ ನಿಂತು ವಂಶಾವಳಿ ತಿದ್ದುವುದು ನನ್ನ ಕೆಲಸವಲ್ಲ. ಅಜ್ಜಿ ಎರಡು ಕೊಂಡರು, ನಾನು ಎಂಟು ಕೊಂಡೆ.

ಪೀಚ್ ಬೇಸಿಗೆಯ ಹಣ್ಣು. ಆದರೆ ಆ ಬೇಸಿಗೆ ನಮ್ಮದಲ್ಲ, ಹಿಮಾಲಯದ ತಪ್ಪಲಿನದು. ಹಿಮಾಚಲ ಪ್ರದೇಶದ ಸಿರ್ಮೌರ್ ಜಿಲ್ಲೆಯ ರಾಜಗಢ ಈ ಹಣ್ಣಿಗೆ ಹೆಸರಾದ ಊರು. ಉತ್ತರಾಖಂಡದ ಗುಡ್ಡಗಳಲ್ಲಿಯೂ ಇದರ ತೋಟಗಳಿವೆ. ಅಲ್ಲೆಲ್ಲ ಇದನ್ನು ಆಡೂ ಎನ್ನುತ್ತಾರೆ. ಅಲ್ಲಿ ಕಿತ್ತ ಹಣ್ಣು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿಯಲ್ಲಿ ಕುಲುಕಾಡಿ, ಮೈಸೂರು ದಾಟಿ, ರೈಲಿಲ್ಲದ ನಮ್ಮ ಜಿಲ್ಲೆಯ ತಿರುವುಗಳನ್ನು ಏರಿ ಬರುವ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ. ಹೀಗಾಗಿ ಕೊಡಗಿನಲ್ಲಿ ಪೀಚ್ ಎಂದರೆ ಮಳೆಗಾಲದ ಹಣ್ಣೇ. ಇಲ್ಲಿಯೂ ಚಳಿ ಇದೆಯಲ್ಲ, ಇಲ್ಲಿಯೇ ಏಕೆ ಬೆಳೆಯಬಾರದು ಎಂದು ನೀವು ಕೇಳಬಹುದು. ನಮ್ಮ ಡಿಸೆಂಬರ್ ನಮಗೆ ಚಳಿ. ಆದರೆ ಹಿಮಾಚಲದ ತಳಿಗಳು ಹೂ ಬಿಡಬೇಕಾದರೆ ಅದಕ್ಕೆ ಮೊದಲು ನೂರಾರು ಗಂಟೆಗಳ ಕಾಲ 7 ಡಿಗ್ರಿಗಿಂತ ಕೆಳಗಿನ ಥಂಡಿಯಲ್ಲಿ ನಿದ್ದೆ ಮಾಡಬೇಕು. ನಮ್ಮ ಚಳಿಗೆ ಅವು ಕಣ್ಣು ಮುಚ್ಚುವುದೂ ಕಷ್ಟ.

ಎಂಟು ಹಣ್ಣಿನಲ್ಲಿ ನಾಲ್ಕನ್ನು ಹಾಗೆಯೇ ತಿಂದೆವು. ಉಳಿದ ನಾಲ್ಕರಲ್ಲಿ ಪೋಡಿ, ಅಂದರೆ ಬಜ್ಜಿ, ಮಾಡಿದೆ. ಅದರ ಕಥೆಯನ್ನೇ ಹೇಳಲು ಬಂದಿದ್ದೇನೆ.

ಹಣ್ಣನ್ನು ಎಣ್ಣೆಯಲ್ಲಿ ಕರಿಯುವುದು ನಮಗೆ ಹೊಸದಲ್ಲ. ಹಲಸಿನ ಹಣ್ಣಿನ ಮುಳ್ಕ ತಿನ್ನದೆ ಇಲ್ಲಿ ಯಾರ ಜೂನ್ ತಿಂಗಳೂ ಮುಗಿಯುವುದಿಲ್ಲ. ಕುಟ್ಟದ ಕಡೆಗೆ ಹೋದರೆ ಚಹಾದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೇಂದ್ರ ಬಾಳೆಯ ಪಳಂಪೊರಿ ಸಾಲಾಗಿ ಮಲಗಿರುತ್ತದೆ. ಇವೆರಡೂ ಬೇರೆ ಬೇರೆ ಜಾತಿಯ ತಿಂಡಿಗಳು. ಮುಳ್ಕದಲ್ಲಿ ಹಣ್ಣು ಅಕ್ಕಿ, ಬೆಲ್ಲ, ಕಾಯಿತುರಿಯ ಜೊತೆ ಅರೆದುಹೋಗಿ ತನ್ನ ಆಕಾರ ಬಿಟ್ಟುಕೊಡುತ್ತದೆ. ಪಳಂಪೊರಿಯಂಥ ಪೋಡಿಯಲ್ಲಿ ಹಣ್ಣು ಹೋಳಾಗಿಯೇ ಉಳಿದು ಹಿಟ್ಟಿನ ಅಂಗಿ ತೊಡುತ್ತದೆ. ಪೀಚ್ ಹಣ್ಣಿಗೆ ಒಪ್ಪುವುದು ಎರಡನೆಯದು. ಅರೆದರೆ ಅದು ಬರೀ ರಸ.

ಹೋದ ವರ್ಷ ಮೊದಲ ಸಲ ಮಾಡಿದಾಗ ನಾನು ಎರಡು ತಪ್ಪು ಮಾಡಿದ್ದೆ. ಒಳ್ಳೆಯ ತಿಂಡಿಗೆ ಒಳ್ಳೆಯ ಹಣ್ಣು ಬೇಕೆಂದು, ಮುಟ್ಟಿದರೆ ಬೆರಳು ಇಳಿಯುವಷ್ಟು ಕಳಿತ ಹಣ್ಣುಗಳನ್ನು ತಂದೆ. ಅದು ಒಂದು. ಹೋಳು ಮಾಡಿ, ಸಿಹಿ ಹಿಡಿಯಲಿ ಎಂದು ಎರಡು ಚಮಚ ಸಕ್ಕರೆ ಉದುರಿಸಿ ಅರ್ಧ ಗಂಟೆ ಮುಚ್ಚಿಟ್ಟೆ. ಇದು ಎರಡನೆಯದು. ತಟ್ಟೆ ತೆಗೆದು ನೋಡಿದರೆ ಹೋಳುಗಳು ಬಟ್ಟಲಿನ ತುಂಬ ರಸದಲ್ಲಿ ಈಜುತ್ತಿದ್ದವು. ಸಕ್ಕರೆ ಹಣ್ಣಿನೊಳಗಿನ ನೀರನ್ನೆಲ್ಲ ಹೊರಗೆ ಎಳೆದಿತ್ತು. ಹೇಗಾದರಾಗಲಿ ಎಂದು ಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಟ್ಟೆ. ಹಿಟ್ಟು ಒಂದು ಕಡೆ, ಹಣ್ಣು ಇನ್ನೊಂದು ಕಡೆ. ಎಣ್ಣೆ ಚಟಪಟ ಸಿಡಿದು ಮೊಣಕೈವರೆಗೆ ಚುಕ್ಕೆ ಹಾಕಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಎಣ್ಣೆಗೆ ನೀರು ಸುರಿದರೆ ಅದು ಬೈಯದೆ ಇರುತ್ತದೆಯೇ ಮಗಳೇ?" ಎಂದರು.

ಆ ಮಾತು ತಮಾಷೆಗೆ ಬಂದದ್ದು. ಆದರೆ ಹಣ್ಣು ಕರಿಯುವ ವಿದ್ಯೆ ಇರುವುದೇ ಅದರಲ್ಲಿ. ಬಾಣಲೆಯಲ್ಲಿ ಏಳುವ ಗುಳ್ಳೆ ಎಣ್ಣೆಯದಲ್ಲ, ನೀರಿನದು. ಹಿಟ್ಟು ಮತ್ತು ಹಣ್ಣಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತದೆ. ಹಾಗೆ ನುಗ್ಗುವವರೆಗೆ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 75 ಗ್ರಾಂ ನೀರಿದ್ದರೆ, ಹಲಸಿನ ತೊಳೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಪೀಚ್ ಹಣ್ಣಿನಲ್ಲಿ ಸುಮಾರು 89 ಗ್ರಾಂ. ಬಾಳೆಹಣ್ಣಿನ ಲೆಕ್ಕದಲ್ಲಿ ಪೀಚ್ ಕರಿಯಲು ಹೋದರೆ ಕೈಸುಡುವುದು ಇದರಿಂದಲೇ.

ಆದ್ದರಿಂದ ಪೋಡಿಗೆ ತೀರಾ ಕಳಿತ ಹಣ್ಣು ಬೇಡ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಚೂರೇ ಚೂರು ಬಗ್ಗಬೇಕು, ಮೂಗಿಗೆ ಹಿಡಿದರೆ ಪರಿಮಳ ಬರಬೇಕು. ಪರಿಮಳವಿಲ್ಲದ ಕಲ್ಲಿನಂಥ ಹಣ್ಣು ಸಿಕ್ಕಿದರೆ ಕಾಗದದ ಚೀಲದಲ್ಲಿ ಕಟ್ಟಿ ಎರಡು ದಿನ ಅಡುಗೆಮನೆಯ ಮೂಲೆಯಲ್ಲಿಡಿ. ಕಿತ್ತ ಮೇಲೂ ಮೆತ್ತಗಾಗುವ ಜಾತಿ ಅದು. ಹಣ್ಣಾಗುವ ಮೊದಲೇ ಫ್ರಿಜ್‌ನಲ್ಲಿಟ್ಟರೆ ಮಾತ್ರ ತಿರುಳು ರಸವಿಲ್ಲದೆ ಹಿಟ್ಟು ಹಿಟ್ಟಾಗುತ್ತದೆ. ಆಮೇಲೆ ಹೊರಗೆ ತೆಗೆದಿಟ್ಟರೂ ಸರಿಹೋಗುವುದಿಲ್ಲ.

ಸಿಪ್ಪೆ ತೆಗೆಯಬೇಕೇ? ತೆಗೆಯಬೇಕು ಎಂಬುದೇ ನನ್ನ ಅಭಿಪ್ರಾಯ. ಸಿಪ್ಪೆಯ ಮೇಲೆ ಹಿಟ್ಟು ನಿಲ್ಲದೆ ಜಾರುತ್ತದೆ. ತಿನ್ನುವಾಗ ಒಂದೇ ಕಚ್ಚಿಗೆ ಸಿಪ್ಪೆ ಉದ್ದಕ್ಕೆ ಕಿತ್ತುಬಂದು ಗದ್ದದ ಮೇಲೆ ನೇತಾಡುತ್ತದೆ. ಚಾಕುವಿನಿಂದ ಹೆರೆದರೆ ಅರ್ಧ ಹಣ್ಣೇ ಹೋಗುತ್ತದೆ. ಹಣ್ಣಿನ ಬುಡದಲ್ಲಿ ಅಡ್ಡಗೆರೆ ಉದ್ದಗೆರೆಯಾಗಿ ಸಣ್ಣಗೆ ಕೊಯ್ದು, ಕುದಿಯುವ ನೀರಿಗೆ ಬಿಟ್ಟು ತೆಗೆದು ತಣ್ಣೀರಿಗೆ ಹಾಕಿ. ಕೊಯ್ದಲ್ಲಿಂದ ಸಿಪ್ಪೆ ತಾನಾಗಿಯೇ ಸುರುಳಿ ಸುತ್ತಿಕೊಂಡು ಬರುತ್ತದೆ. ಅರ್ಧ ನಿಮಿಷ ಸಾಕು ಎನ್ನುತ್ತಾರೆ. ಮಡಿಕೇರಿಯವರು ಮುಕ್ಕಾಲು ನಿಮಿಷ ಬಿಡಿ. ಸಮುದ್ರಮಟ್ಟಕ್ಕಿಂತ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ನಮ್ಮ ಕುದಿನೀರಿಗೆ ಮಂಗಳೂರಿನ ಕುದಿನೀರಿನಷ್ಟು ಖಾರವಿಲ್ಲ.

ಸಿಪ್ಪೆ ಹೋದ ಹಣ್ಣನ್ನು ಒದ್ದೆಯಾಗಿ ಬಿಡಬೇಡಿ. ಒಣಬಟ್ಟೆಯಲ್ಲಿ ಒರಸಿ. ಹಣ್ಣಿನ ಮೈಮೇಲೆ ಮೇಲಿನಿಂದ ಕೆಳಗೆ ಒಂದು ಸೀಳುಗೆರೆ ಇರುತ್ತದೆ. ಅದರ ಗುಂಟ ಚಾಕುವನ್ನು ಸುತ್ತ ಆಡಿಸಿ, ಎರಡು ಕೈಯಲ್ಲಿ ಎದುರು ಬದುರಾಗಿ ತಿರುವಿ. ಗೊರಟು ಬಿಡುವ ಜಾತಿಯಾದರೆ ಟಪ್ಪೆಂದು ಎರಡು ಹೋಳಾಗುತ್ತದೆ. ಬಿಡದ ಜಾತಿಯಾದರೆ ಜಗಳಕ್ಕೆ ಹೋಗದೆ, ಮಾವಿನಹಣ್ಣಿನ ಹಾಗೆ ಗೊರಟಿನ ಸುತ್ತ ಕೊಯ್ದುಕೊಳ್ಳಿ. ಒಂದು ಹಣ್ಣಿಗೆ ಎಂಟು ಹೋಳು ಸರಿಯಾದ ಗಾತ್ರ. ಇನ್ನೂ ತೆಳ್ಳಗಾದರೆ ಎಣ್ಣೆಯಲ್ಲಿ ಕರಗುತ್ತದೆ, ದಪ್ಪಗಾದರೆ ನಡುವೆ ತಣ್ಣಗೆ ಉಳಿಯುತ್ತದೆ. ಗಾಳಿ ತಾಗಿದರೆ ಹೋಳು ಕಂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಹುಳಿನೀರಿನಲ್ಲಿ ನೆನೆಸುವವರಿದ್ದಾರೆ. ಮತ್ತೆ ನೀರೇ ಆಯಿತಲ್ಲ? ಎಣ್ಣೆ ಒಲೆಯ ಮೇಲೆ ಕಾಯುತ್ತಿರುವಾಗ ಕೊಯ್ದರೆ ಕಂದುವುದಕ್ಕೆ ಸಮಯವೇ ಇರುವುದಿಲ್ಲ. ನನ್ನ ನಾದಿನಿ ಒಂದು ತೊಟ್ಟು ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿರಸ, ಹಾಕಿದರೆ ಹೇಗೆ ಎಂದಳು. ಹಂದಿಮಾಂಸದ ಪಂದಿಕರಿಗೆ ಅದು ಪ್ರಾಣ, ನಿಜ. ಆದರೆ ಬಣ್ಣ ಕೆಡದಿರಲಿ ಎಂದು ಡಾಂಬರಿನಂಥ ಕಪ್ಪನ್ನು ಬಳಿಯುವುದೇ?

ಇನ್ನು ಹಿಟ್ಟು. ಒಂದು ಲೋಟ ಮೈದಾ, ಕಾಲು ಲೋಟ ಅಕ್ಕಿಹಿಟ್ಟು, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ, ತೋಟದ ಏಲಕ್ಕಿ ಮೂರು, ಕುಟ್ಟಿದ್ದು. ಅಕ್ಕಿಹಿಟ್ಟು ನುಣ್ಣಗಿರಬೇಕು. ಹಬೆಯಲ್ಲಿ ಬೇಯಿಸುವ ಪಾಪುಟ್ಟಿಗೆ ಒಡೆಸಿಟ್ಟ ಅಕ್ಕಿತರಿ ಮನೆಯಲ್ಲಿ ಇದ್ದೇ ಇರುತ್ತದೆ, ಅದನ್ನು ಹಾಕಬೇಡಿ, ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತದೆ. ಮೈದಾ ಒಂದೇ ಆದರೆ ಪೋಡಿ ರಬ್ಬರಿನ ಹಾಗೆ ಜಗ್ಗುತ್ತದೆ. ಅಕ್ಕಿಯಲ್ಲಿ ಜಗ್ಗುವ ಅಂಟಿಲ್ಲದಿರುವುದರಿಂದ ಅದು ಗರಿಗರಿ ಕೊಡುತ್ತದೆ. ಸಕ್ಕರೆ ಒಂದೇ ಚಮಚ, ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತದೆ. ಸೋಡಾ ಹೆಚ್ಚಾದರೆ ಪೋಡಿ ಎಣ್ಣೆ ಕುಡಿಯುತ್ತದೆ. ನೀರು ತಣ್ಣಗಿದ್ದಷ್ಟೂ ಒಳ್ಳೆಯದು, ಜೂನ್ ತಿಂಗಳಲ್ಲಿ ನಮ್ಮ ನಲ್ಲಿಯ ನೀರೇ ಸಾಕು. ಸ್ವಲ್ಪ ಸ್ವಲ್ಪವಾಗಿ ಹಾಕಿ ದೋಸೆಹಿಟ್ಟಿಗಿಂತ ಒಂದು ಗುಲಗಂಜಿ ಗಟ್ಟಿಗೆ ಕಲಸಿ. ಸೌಟಿನ ಬೆನ್ನಿನ ಮೇಲೆ ಬೆರಳೆಳೆದರೆ ಗೆರೆ ಮುಚ್ಚಿಕೊಳ್ಳಬಾರದು. ನಾಲ್ಕಾರು ಗಂಟು ಉಳಿದರೆ ಉಳಿಯಲಿ. ತಿಕ್ಕಿ ತಿಕ್ಕಿ ಕಲಸಿದಷ್ಟೂ ಮೈದಾ ಬಿಗಿಯಾಗುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷ. ಅತ್ತೆಯದು ತೆಂಗಿನೆಣ್ಣೆಯ ಪಕ್ಷ. ಪರಿಮಳದಲ್ಲಿ ಅವರೇ ಗೆದ್ದರು ಎಂದು ಒಪ್ಪುತ್ತೇನೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಳೆಗಾಲದಲ್ಲಿ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಬೇಕಾದ ಊರು ನಮ್ಮದು. ಅದರಲ್ಲಿ ಕರಿದ ಪೋಡಿ ತಣಿದರೆ ಅಂಗುಳಿಗೆ ಮೇಣ ಹಚ್ಚಿದಂತಾಗುತ್ತದೆ. ಬೇಸಿಗೆಯಲ್ಲಿ ಅತ್ತೆ ಹೇಳಿದಂತೆ, ಮಳೆಯಲ್ಲಿ ಕಡಲೆಕಾಯಿ ಎಣ್ಣೆ ಎಂದು ರಾಜಿಯಾಗಿದೆ.

ಎಣ್ಣೆಯ ಕಾವು 170ರಿಂದ 180 ಡಿಗ್ರಿ ಇರಬೇಕು. ಅಳೆಯುವ ಸಾಧನ ಮನೆಯಲ್ಲಿಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ. ಅದು ತಳ ಮುಟ್ಟಿ ಕುಳಿತರೆ ಕಾದಿಲ್ಲ, ಮುಳುಗದೆ ಮೇಲೆಯೇ ಕೆಂಪಾದರೆ ಅತಿಯಾಗಿದೆ. ಅರ್ಧ ಮುಳುಗಿ ಏನೋ ನೆನಪಾದವರ ಹಾಗೆ ಸರಕ್ಕನೆ ಎದ್ದುಬಂದರೆ ಸರಿಯಾದ ಹದ. ಹೋಳನ್ನು ಮೊದಲು ಒಣ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಆಮೇಲೆ ಕಲಸಿದ ಹಿಟ್ಟಿನಲ್ಲಿ ಅದ್ದಿ. ಈ ಒಣಹಿಟ್ಟು ಹಣ್ಣಿನ ಜಿನುಗನ್ನು ಹೀರಿಕೊಂಡು ಅಂಗಿ ಜಾರದಂತೆ ಹಿಡಿಯುತ್ತದೆ. ಹೋದ ವರ್ಷ ನನಗೆ ಗೊತ್ತಿಲ್ಲದೆ ಹೋದದ್ದು ಇದೇ. ಒಂದು ಸಲಕ್ಕೆ ಐದು ಅಥವಾ ಆರು ಹೋಳು, ಹೆಚ್ಚು ತುಂಬಿದರೆ ಕಾವು ಇಳಿಯುತ್ತದೆ. ಒಂದೊಂದು ಮಗ್ಗುಲಿಗೆ ಒಂದು ನಿಮಿಷ, ಒಂದೂವರೆ ನಿಮಿಷ. ಕಣ್ಣು ಬಣ್ಣ ನೋಡುತ್ತಿರಲಿ, ಕಿವಿ ಸದ್ದು ಕೇಳುತ್ತಿರಲಿ. ಮೊದಲು ಹಂಚಿನ ಮೇಲೆ ಮಳೆ ಹೊಡೆದಂತೆ ಜೋರು ಸದ್ದು. ನಂತರ ಮಳೆ ನಿಂತ ಮೇಲೆ ಸೂರಿನಿಂದ ಹನಿಯುವಂತೆ ಬಿಡಿ ಬಿಡಿ. ಆಗ ತೆಗೆಯಬೇಕು. ಹಬೆ ನಿಂತ ಮೇಲೆ ಎಣ್ಣೆಯ ಸರದಿ.

ಇನ್ನೊಂದು ಮಾತು. ಪೋಡಿ ಹೆಚ್ಚು ಎಣ್ಣೆ ಹೀರುವುದು ಬಾಣಲೆಯಲ್ಲಿ ಅಲ್ಲ, ಹೊರಗೆ ಬಂದು ತಣಿಯುವಾಗ. ಮೈಗೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿ ಬಾಣಲೆಯ ಮೇಲೆಯೇ ನಾಲ್ಕು ಸಲ ಕೊಡವಿ, ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ. ರಾಶಿ ಹಾಕಿದರೆ ತನ್ನ ಹಬೆಗೆ ತಾನೇ ಮೆತ್ತಗಾಗುತ್ತದೆ. ಹಳೆಯ ದಿನಪತ್ರಿಕೆಯಂತೂ ಬೇಡ, ಅದರ ಮಸಿ ತಿನ್ನುವಂಥದ್ದಲ್ಲ. ಹಂಚಿನ ಮನೆಯವರು ಒಲೆಯ ನೇರಕ್ಕೆ ಮಾಡು ಸೋರುತ್ತದೆಯೇ ಎಂದು ಒಮ್ಮೆ ತಲೆಯೆತ್ತಿ ನೋಡಿಕೊಳ್ಳಿ. ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು, ನೀರು ಹಾಕಲೇಬಾರದು.

ತಿನ್ನುವಾಗ ಸಕ್ಕರೆಪುಡಿ ಉದುರಿಸುವುದು ಪೇಟೆಯ ರೂಢಿ. ನಾನು ಕರಿಮೆಣಸನ್ನು ಆಗತಾನೆ ಒರಟಾಗಿ ಕುಟ್ಟಿ ಒಂದು ಚಿಟಿಕೆ ಉದುರಿಸಿ, ಮೇಲೆ ಜೇನು ಎಳೆಯಾಗಿ ಬಿಡುತ್ತೇನೆ. ಕರಿದ ಪೀಚ್ ಒಳಗೆ ಹುಳಿಮಿಶ್ರಿತ ಮುರಬ್ಬದ ಹಾಗಾಗಿರುತ್ತದೆ. ಅದಕ್ಕೆ ಮೆಣಸು ತಾಗಿದರೆ ನಾಲಿಗೆಗೆ ಮೊದಲು ಸಿಹಿ, ಆಮೇಲೆ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಬಿಸಿ. ಹಾಲಿಲ್ಲದ ಕಪ್ಪು ಕಾಫಿ ಜೊತೆಗಿರಲಿ. ಕಾಲು ಗಂಟೆಯೊಳಗೆ ತಿನ್ನಬೇಕು. ನಮ್ಮ ಜೂನ್ ಗಾಳಿ ಹಪ್ಪಳವನ್ನೇ ಬಟ್ಟೆ ಮಾಡುತ್ತದೆ, ಪೋಡಿಯನ್ನು ಬಿಡುತ್ತದೆಯೇ? ಹಾಗಾಗಿ ಕರಿಯುವವರು ಒಲೆಯ ಮುಂದೆ ನಿಂತೇ ತಿನ್ನಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತು ತಿನ್ನುವ ಒಳ್ಳೆಯ ಸೊಸೆಯಂದಿರಿಗೆ ಈ ತಿಂಡಿಯ ರುಚಿ ಗೊತ್ತಾಗುವುದೇ ಇಲ್ಲ.

ಗೊರಟುಗಳನ್ನು ಮಕ್ಕಳು ಒಡೆದು ತಿನ್ನದಂತೆ ನೋಡಿಕೊಳ್ಳಿ. ಒಳಗಿನ ಬೀಜ ಬಾದಾಮಿಯಂತೆಯೇ ಕಾಣುತ್ತದೆ, ಆದರೆ ಹೊಟ್ಟೆಗೆ ಹೋದರೆ ಸಯನೈಡ್ ಬಿಡುವ ಅಂಶ ಅದರಲ್ಲಿದೆ. ನಮ್ಮ ಮನೆಯ ಎಂಟು ಗೊರಟುಗಳನ್ನು ಬಿಸಾಡಲು ಹೊರಟಾಗ ಅತ್ತೆ ಕೈ ಹಿಡಿದರು. ನಮ್ಮ ಚಳಿ ಸಾಲದು ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಈಗ ಆ ಎಂಟೂ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಫ್ರಿಜ್‌ನ ಕೆಳಗಿನ ಅರೆಯಲ್ಲಿ, ಮೊಟ್ಟೆಯ ಪಕ್ಕದಲ್ಲಿ ಮಲಗಿವೆ. ಮೂರು ತಿಂಗಳು ಯಾರೂ ಮುಟ್ಟಬಾರದೆಂದು ಆಜ್ಞೆಯಾಗಿದೆ.

ನಮಸ್ಕಾರ.