ರಜೆಯ ವಿಡಿಯೊಗೆ ಕತ್ತರಿ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಮುಗಿಯಿತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮುಳ್ಳಯ್ಯನಗಿರಿ ಅಂತ ಸುತ್ತಾಡಿ ಬಂದಿದ್ದೀರಿ. ಫೋನಿನ ತುಂಬ ವಿಡಿಯೊ. ಒಂದನ್ನೂ ಯಾರೂ ತಿರುಗಿ ನೋಡಿಲ್ಲ, ಅಲ್ವಾ?

ನನ್ನದು ಮದುವೆ ವಿಡಿಯೊ ಎಡಿಟ್ ಮಾಡುವ ಕೆಲಸ. ಸಿಕ್ಕವರೆಲ್ಲ ಕೇಳುತ್ತಾರೆ, "ಮನೇಲಿ ಎಡಿಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಬೆಸ್ಟ್ ಸರ್?" ಯಾವುದರಲ್ಲಿ ಕತ್ತರಿಸುವುದು ಸುಲಭವೋ ಅದು. ಹಾರುವ ಗುಲಾಬಿ ದಳ, ಹೊಳೆಯುವ ಅಕ್ಷರ, ಗಿರಗಿರ ತಿರುಗುವ ಚಿತ್ರ, ಇವು ಯಾವುವೂ ಬೇಡ. ಬೇಡದ್ದನ್ನು ಕತ್ತರಿಸಬೇಕು, ಉಳಿದದ್ದನ್ನು ಜೋಡಿಸಬೇಕು. ಅಷ್ಟು ಬಂದರೆ ಸಾಕು.

ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಸ್ಟುಡಿಯೊಗೆ ಬಂದರು. ಹೆಂಡತಿ, ಮಗಳು, ಅಳಿಯ, ಮೊಮ್ಮಗನ ಜೊತೆ ಬೇಲೂರಿಗೆ ಹೋಗಿ ಬಂದಿದ್ದರು. ಅಳಿಯ ಯಾರದೋ ಮಾತು ಕೇಳಿ, ಸಿನಿಮಾದವರು ಬಳಸುವ ದೊಡ್ಡ ಸಾಫ್ಟ್‌ವೇರನ್ನೇ ಹಾಕಿಕೊಟ್ಟಿದ್ದರು. ಲ್ಯಾಪ್‌ಟಾಪ್ ಹಳೆಯದು. ವಿಡಿಯೊ ಹಾಕಿದರೆ ಚಿತ್ರ ನಿಂತು ನಿಂತು ಓಡುತ್ತದೆ, ಒಳಗಿನ ಫ್ಯಾನು ಗುಯ್ಯೆನ್ನುತ್ತದೆ. ಮೇಷ್ಟ್ರು ಚೀಲದಿಂದ ನೋಟ್‌ಬುಕ್ ತೆಗೆದರು. ಯೂಟ್ಯೂಬ್ ಪಾಠ ನೋಡಿ ದುಂಡಗಿನ ಅಕ್ಷರದಲ್ಲಿ ಪುಟಗಟ್ಟಲೆ ಬರೆದುಕೊಂಡಿದ್ದರು. ಬಣ್ಣ ತಿದ್ದುವುದು ಹೇಗೆ, ಹಿನ್ನೆಲೆ ಬದಲಿಸುವುದು ಹೇಗೆ ಎಂಬುದೆಲ್ಲ ಅದರಲ್ಲಿತ್ತು. ಆದರೆ ಒಂದೇ ಒಂದು ತುಣುಕನ್ನೂ ಅವರು ಕತ್ತರಿಸಿರಲಿಲ್ಲ. ನನಗೆ ಸಂಕಟವಾಯಿತು.

"ಮೇಷ್ಟ್ರೇ, ಅದನ್ನ ಮುಚ್ಚಿಡಿ. ಫೋನ್ ಕೊಡಿ" ಅಂದೆ. ಗ್ಯಾಲರಿಯಲ್ಲಿ ಒಂದು ವಿಡಿಯೊ ತೆರೆದು ಎಡಿಟ್ ಒತ್ತಿದೆ. ಕೆಳಗೆ ಸಣ್ಣ ಸಣ್ಣ ಚಿತ್ರಗಳ ಪಟ್ಟಿ ಬಂತು. ಅದರ ಎರಡು ತುದಿಯನ್ನೂ ಬೆರಳಿನಿಂದ ಒಳಕ್ಕೆ ಎಳೆದರೆ ಆಚೀಚಿನದ್ದು ಹೋಗುತ್ತದೆ. ಚೆನ್ನಕೇಶವನ ಗುಡಿಯ ಅಂಗಳದ ವಿಡಿಯೊ ಅದು. ಮೊದಲು ತುಂಬ ಹೊತ್ತು ಗೋಪುರ, ಕೊನೆಯಲ್ಲಿ ಯಾರದೋ ಬೆನ್ನು. ನಡುವೆ ಮೇಷ್ಟ್ರ ಹೆಂಡತಿ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾರೆ. ಮಧ್ಯಾಹ್ನದ ಬಿಸಿಲು, ಕಲ್ಲುಚಪ್ಪಡಿ ಕಾದಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಯ್ಯೋ, ಕಾಲು ಸುಡುತ್ತೆ, ಓಡೋ" ಅಂತ ಮೊಮ್ಮಗನ ಕೈ ಹಿಡಿದು ನೆರಳಿಗೆ ಓಡುತ್ತಾರೆ. ಹುಡುಗ ನಕ್ಕು ನಕ್ಕು ಮುಗ್ಗರಿಸುತ್ತಾನೆ. ಚಿತ್ರ ಅಲ್ಲಾಡಿದೆ, ಅಳಿಸಿಬಿಡಿ ಅಂದಿದ್ದರಂತೆ ಅಳಿಯ! ನಾನು ಅದನ್ನೇ ಉಳಿಸಿ ಉಳಿದದ್ದೆಲ್ಲ ತೆಗೆದೆ. ಹತ್ತು ಸೆಕೆಂಡ್ ಇದ್ದೀತು. ಮೇಷ್ಟ್ರು ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಕಾಫಿ ಬರುವಷ್ಟರಲ್ಲಿ ಮುಂದಿನ ತುಣುಕನ್ನು ಅವರೇ ಕತ್ತರಿಸುತ್ತಿದ್ದರು.

ಅದಕ್ಕೇ ಹೇಳುವುದು, ಕತ್ತರಿಸಲು ಸುಲಭವಾದದ್ದನ್ನೇ ಆರಿಸಿ. ಹೊಸದೇನಾದರೂ ಹಾಕಿಕೊಂಡರೆ ಮೊದಲು ಒಂದು ತುಣುಕು ಕತ್ತರಿಸಿ, ಸೇವ್ ಮಾಡಿ ನೋಡಿ. ದಾರಿ ಹುಡುಕಲು ಪಾಠ ಕೇಳಬೇಕಾದರೆ ಅದು ನಿಮಗಲ್ಲ. ಮೂಲೆಯಲ್ಲಿ ಕಂಪನಿಯ ಹೆಸರು ಅಚ್ಚಾಗಿ ಬಂದರೆ ಆ ಸಾಫ್ಟ್‌ವೇರನ್ನೂ ತೆಗೆದುಹಾಕಿ.

ಹೊತ್ತಾಗುತ್ತಿದೆ, ಹೆಸರುಗಳನ್ನು ಬೇಗ ಹೇಳಿಬಿಡುತ್ತೇನೆ. ಐಫೋನ್ ಇದ್ದವರಿಗೆ ಆಪಲ್‌ನವರದೇ ಐಮೂವಿ ಇದೆ, ದುಡ್ಡು ಕೊಡಬೇಕಿಲ್ಲ. ವಿಂಡೋಸ್ 11 ಕಂಪ್ಯೂಟರ್ ಇದ್ದವರಿಗೆ ಕ್ಲಿಪ್‌ಚಾಂಪ್. ಅದಕ್ಕೆ ಇಂಟರ್‌ನೆಟ್ ಬೇಕು. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಅಂಥವರು ಪೇಟೆಗೆ ಬಂದಾಗ ಲ್ಯಾಪ್‌ಟಾಪ್‌ಗೆ ಓಪನ್‌ಶಾಟ್ ಇಳಿಸಿಕೊಂಡು ಹೋಗಿ. ಅದೂ ಉಚಿತ, ಆಮೇಲೆ ನೆಟ್ ಬೇಡ. ಹಳೆಯ ಮೂವಿ ಮೇಕರ್ ಹುಡುಕಲು ಮಾತ್ರ ಹೋಗಬೇಡಿ. ಮೈಕ್ರೋಸಾಫ್ಟ್ ಅದನ್ನು 2017ರಲ್ಲೇ ನಿಲ್ಲಿಸಿದೆ. ಅದೇ ಹೆಸರಿನಲ್ಲಿ ನಕಲಿ ಕೊಟ್ಟು ದುಡ್ಡು ಕೀಳುವವರಿದ್ದಾರೆ.

ಇನ್ನು ಸದ್ದಿನ ವಿಷಯ. ಮುಳ್ಳಯ್ಯನಗಿರಿ ಎತ್ತರದ ಬೆಟ್ಟ. ಅಲ್ಲಿ ತೆಗೆದದ್ದರಲ್ಲಿ ಬರೀ ಗಾಳಿಯ ಸದ್ದು ಇರುತ್ತದೆ. ಆ ತುಣುಕಿನ ಸದ್ದು ಮಾತ್ರ ತಗ್ಗಿಸಿ, ಎಲ್ಲದರದ್ದೂ ಬೇಡ. ಮನೆಯವರ ಮಾತು ಉಳಿಯಬೇಕು. ಕತ್ತರಿಸಿದ್ದನ್ನು ಬೇರೆ ಕಾಪಿಯಾಗಿ ಸೇವ್ ಮಾಡಿ, ಮೂಲ ವಿಡಿಯೊ ಹಾಗೇ ಇರಲಿ. ಮತ್ತೆ, ವಾಟ್ಸ್ಯಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಚಿತ್ರ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ದುಬೈಯಲ್ಲಿರುವ ಮಗನಿಗೂ ಇದ್ದ ಹಾಗೇ ತಲುಪುತ್ತದೆ. ನಮಸ್ಕಾರ.