ಜಾರ್ಜ್ ಸ್ಟ್ರೀಟಿನಲ್ಲಿ ಮೂಲೆ ಹಿಡಿಯಬೇಡಿ

ಕೇಳುಗರಿಗೆ ನಮಸ್ಕಾರ. ಕೆನಡಾದಲ್ಲಿ ಸಂಜೆ ಮೇಲೆ ಜನ ಹೊರಗೆ ಹೋಗಿ ಹೇಗೆ ಖುಷಿಪಡುತ್ತಾರೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನೀವು ಟೊರಾಂಟೊ, ವ್ಯಾಂಕೂವರ್ ಅಂದುಕೊಂಡಿರಬಹುದು. ಅವನ್ನು ಬಿಡಿ. ನಾನು ಹೇಳುವುದು ಪೂರ್ವದ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಬಗ್ಗೆ. 1949ರಲ್ಲಿ, ಎಲ್ಲರಿಗಿಂತ ಕೊನೆಗೆ ಕೆನಡಾ ಸೇರಿದ ಪ್ರಾಂತ್ಯ ಅದು. ರಾಜಧಾನಿ ಸೇಂಟ್ ಜಾನ್ಸ್. ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಕಳಿಸಿರುವ ಅಪ್ಪ ಅಮ್ಮಂದಿರು ಇದನ್ನು ಕೇಳುತ್ತಿರಬಹುದು. ಹೊರಡಲು ಸೂಟ್‌ಕೇಸ್ ತುಂಬುತ್ತಿರುವ ಮಕ್ಕಳೂ ಇರಬಹುದು. ನಾನು ಜಾನಪದ ಓದಿಕೊಂಡವನು. ಹಾಗಾಗಿ ಬಾರ್‌ಗಳ ಪಟ್ಟಿ ನನ್ನ ಹತ್ತಿರ ಸಿಗುವುದಿಲ್ಲ. ಹೇಳಲಿಕ್ಕಿರುವುದು ಒಂದೇ ಮಾತು. ಅಲ್ಲಿ ರಾತ್ರಿ ಹೊರಗೆ ಹೋದರೆ ನೋಡುವವರಾಗಿ ಮೂಲೆಯಲ್ಲಿ ನಿಲ್ಲಬೇಡಿ. ಒಳಗೆ ಸೇರಿಕೊಳ್ಳಿ.

ಊರಿನ ನಡುವೆ, ಬಂದರಿನ ಮಗ್ಗುಲಲ್ಲಿ ಜಾರ್ಜ್ ಸ್ಟ್ರೀಟ್ ಅಂತ ಒಂದು ಪುಟ್ಟ ಬೀದಿ ಇದೆ. ಬಿರುಸಾಗಿ ನಡೆದರೆ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಷ್ಟರಲ್ಲೇ ಸಾಲು ಸಾಲು ಪಬ್ಬುಗಳು. ಒಂದರ ಬಾಗಿಲಿನಿಂದ ಪಿಟೀಲು, ಪಕ್ಕದ್ದರಿಂದ ಅಕಾರ್ಡಿಯನ್. ಅಲ್ಲಿನ ಜನರ ಹಿರಿಯರು ಐರ್ಲೆಂಡಿನ ಆಗ್ನೇಯದಿಂದ, ಇಂಗ್ಲೆಂಡಿನ ನೈಋತ್ಯದಿಂದ ಮೀನು ಹಿಡಿಯಲು ಬಂದವರು. ಹಾಡುಗಳೂ ದೋಣಿಯಲ್ಲೇ ಬಂದವು. 'ಅಗ್ಲಿ ಸ್ಟಿಕ್' ಅಂತ ಒಂದು ವಾದ್ಯವಿದೆ. ನೆಲ ಒರೆಸುವ ಕೋಲು, ಅದರ ಬುಡಕ್ಕೆ ಹಳೇ ಬೂಟು, ಮೈತುಂಬ ಬಾಟಲಿ ಮುಚ್ಚಳ. ನೆಲಕ್ಕೆ ಕುಟ್ಟಿದರೆ ಝಲ್ ಅನ್ನುತ್ತದೆ. ಅದನ್ನು ನಿಮ್ಮ ಕೈಗೆ ಕೊಟ್ಟರೆ ಕುಟ್ಟಿ! 'ನನಗೆ ಬರಲ್ಲ' ಅನ್ನಬೇಡಿ. ಅದು ಯಾರಿಗೂ ಬರುವುದಿಲ್ಲ.

ಕುಡಿಯದವರ ಗತಿಯೇನು ಅಂತ ಪ್ರತಿ ಸಲವೂ ಕೇಳುತ್ತಾರೆ. ಜಿಂಜರ್ ಏಲ್ ತಗೊಂಡು ಕೂತ್ಕೊಳ್ಳಿ. ನಿಮ್ಮ ಲೋಟದಲ್ಲಿ ಏನಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. 19 ತುಂಬದವರಿಗಂತೂ ಮದ್ಯ ಕೊಡುವ ಹಾಗೇ ಇಲ್ಲ.

ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರುತ್ತೇನೆ. ಸೇಂಟ್ ಜಾನ್ಸ್‌ನಲ್ಲಿ ಆಗಸ್ಟ್ ತಿಂಗಳ ಮೊದಲ ಬುಧವಾರ ಕ್ವಿಡಿ ವಿಡಿ ಕೆರೆಯಲ್ಲಿ ದೋಣಿ ಸ್ಪರ್ಧೆ ನಡೆಯುತ್ತದೆ. ರಾಯಲ್ ಸೇಂಟ್ ಜಾನ್ಸ್ ರಿಗಾಟಾ ಅಂತ ಹೆಸರು. ಇನ್ನೂರು ವರ್ಷಕ್ಕೂ ಹಳೆಯದು. ಒಂದೊಂದು ದೋಣಿಗೆ ಆರು ಜನ ಹುಟ್ಟು ಹಾಕುವವರು, ಚುಕ್ಕಾಣಿಗೆ ಒಬ್ಬರು. 1901ರಲ್ಲಿ ಔಟರ್ ಕೋವ್ ಹಳ್ಳಿಯ ಮೀನುಗಾರರು ಮಾಡಿದ ದಾಖಲೆಯನ್ನು 1981ರವರೆಗೆ ಯಾರಿಂದಲೂ ಮುರಿಯಲು ಆಗಲಿಲ್ಲ. ಎಂಬತ್ತು ವರ್ಷ! ಇರಲಿ, ದೋಣಿ ಬಗ್ಗೆ ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ.

ವಿಷಯ ಏನಪ್ಪಾ ಅಂದರೆ, ಆ ದಿನ ಊರಿಗೆಲ್ಲ ರಜೆ. ಆದರೆ ಗಾಳಿ ಜೋರಾಗಿದ್ದರೆ ಸ್ಪರ್ಧೆ ಮುಂದಕ್ಕೆ ಹೋಗುತ್ತದೆ. ಅದರ ಜೊತೆ ರಜೆಯೂ ಹೋಗುತ್ತದೆ! ಹವಾಮಾನ ನೋಡಿ ರಜೆ ಕೊಡುವ ಊರು ಅದು. ಸ್ಪರ್ಧೆಯ ಸಮಿತಿಯವರು ಬುಧವಾರ ನಸುಕಿನಲ್ಲಿ ಎದ್ದು ಕೆರೆಯ ಗಾಳಿ ನೋಡಿ ತೀರ್ಮಾನ ಮಾಡುತ್ತಾರೆ. ಹಾಗಾದರೆ ಮಂಗಳವಾರ ರಾತ್ರಿ ಏನು ಮಾಡಬೇಕು? ನಾಳೆ ರಜೆ ಅಂತ ನಂಬಿ ಜಾರ್ಜ್ ಸ್ಟ್ರೀಟಿಗೆ ಹೋಗಬೇಕಾ, ಅಥವಾ ಬೆಳಗ್ಗೆ ಕೆಲಸ ಇದ್ದರೂ ಇರಬಹುದು ಅಂತ ಮಲಗಬೇಕಾ? ಈ ಜೂಜಿಗೆ ಅವರು 'ರಿಗಾಟಾ ರೂಲೆಟ್' ಅನ್ನುತ್ತಾರೆ.

ನನಗೆ ಪರಿಚಯದ ಹುಬ್ಬಳ್ಳಿ ಹುಡುಗ ಒಬ್ಬ ಅಲ್ಲಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಬಹಳ ಸಂಕೋಚದವನು. ಕೆಲಸ ಬಿಟ್ಟರೆ ರೂಮು, ರೂಮು ಬಿಟ್ಟರೆ ಕೆಲಸ. ಆ ಮಂಗಳವಾರ ಜೊತೆಯವರು ಅವನನ್ನು ಎಳೆದುಕೊಂಡೇ ಹೋದರು. ಮಧ್ಯರಾತ್ರಿ ದಾಟಿದ ಮೇಲೆ ಊರಿಂದ ಅವರಮ್ಮನ ಫೋನ್. ಬೇಸಿಗೆಯಲ್ಲಿ ಅಲ್ಲಿ ರಾತ್ರಿ 1 ಗಂಟೆ ಅಂದರೆ ನಮಗೆ ಬೆಳಗ್ಗೆ 9, ತಿಂಡಿ ಹೊತ್ತು. 'ಅದೇನು ಗದ್ದಲ ಅಲ್ಲಿ?' ಅಂತ ಅಮ್ಮ. 'ಜಾತ್ರೆ ಅಮ್ಮಾ' ಅಂತ ಇವನು. ಸುಳ್ಳೇನೂ ಅಲ್ಲ, ಅಲ್ವಾ? ನಸುಕಿಗೆ ರೇಡಿಯೋದಲ್ಲಿ ಸುದ್ದಿ ಬಂತು. ಗಾಳಿ ಜೋರು, ಸ್ಪರ್ಧೆ ಇಲ್ಲ, ರಜೆ ಇಲ್ಲ. ಕೆಂಪು ಕಣ್ಣಿನಲ್ಲೇ ಅಂಗಡಿಗೆ ಓಡಿದ. ಅಲ್ಲಿ ಅವನ ಮ್ಯಾನೇಜರಮ್ಮ ಕೌಂಟರಿಗೆ ತಲೆ ಆನಿಸಿಕೊಂಡು ನಿಂತಿದ್ದರು. ಅವರೂ ರಾತ್ರಿಯಿಡೀ ಅದೇ ಬೀದಿಯಲ್ಲಿದ್ದವರೇ! ಅಲ್ಲಿಯವರೆಗೆ ಬರೀ 'ಗುಡ್ ಮಾರ್ನಿಂಗ್' ಅಷ್ಟೇ ಇದ್ದ ಅವರಿಬ್ಬರೂ ಅವತ್ತು ಇಡೀ ದಿನ ಮುಖ ಮುಖ ನೋಡಿ ನಕ್ಕರಂತೆ. ಮುಂದಿನ ವಾರವೇ ಅವನಿಗೆ ಅವರ ಮನೆಯ ಕಿಚನ್ ಪಾರ್ಟಿಗೆ ಕರೆ ಬಂತು. ಅಂದರೆ ಅಡುಗೆಮನೆಯಲ್ಲೇ ಎಲ್ಲರೂ ಸೇರಿ ಹಾಡುವುದು. ಹಜಾರ ಎಷ್ಟೇ ದೊಡ್ಡದಿರಲಿ, ಜನ ಸೇರುವುದು ಒಲೆಯ ಸುತ್ತಲೇ. ನಾನು ಹೇಳಿದ್ದು ಇದನ್ನೇ. ಸೇರಿಕೊಳ್ಳಿ.

ಟೈಮು ಓಡುತ್ತಿದೆ. ಸ್ಕ್ರೀಚ್-ಇನ್ ಬಗ್ಗೆ ಹೇಳದೆ ಬಿಟ್ಟರೆ ಅಲ್ಲಿದ್ದವರು ಬೈಯುತ್ತಾರೆ. ಹೊರಗಿನಿಂದ ಬಂದವರನ್ನು ತಮ್ಮವರನ್ನಾಗಿ ಮಾಡಿಕೊಳ್ಳುವ ತಮಾಷೆಯ ಶಾಸ್ತ್ರ ಅದು. ಸ್ಕ್ರೀಚ್ ಅನ್ನುವ ರಮ್ ಒಂದು ಗುಟುಕು ಕುಡಿಯಬೇಕು, ಅವರ ಆಡುಮಾತಿನಲ್ಲಿ ಒಂದು ಸಾಲು ಹೇಳಬೇಕು, ಕಾಡ್ (cod) ಅನ್ನುವ ಸಮುದ್ರದ ಮೀನಿಗೆ ಮುತ್ತು ಕೊಡಬೇಕು. ಹಿಂದೆ ನ್ಯೂಫೌಂಡ್‌ಲ್ಯಾಂಡಿನಿಂದ ಉಪ್ಪು ಹಾಕಿದ ಕಾಡ್ ಮೀನು ಜಮೈಕಾಕ್ಕೆ ಹೋಗುತ್ತಿತ್ತು, ಜಮೈಕಾದಿಂದ ರಮ್ ಬರುತ್ತಿತ್ತು. 1992ರಲ್ಲಿ ಕಾಡ್ ಮೀನು ತೀರಾ ಕಡಿಮೆಯಾಗಿ, ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಅದಕ್ಕೇ ಆ ಮೀನನ್ನು ಬರೀ ತಮಾಷೆ ಅಂತ ನೋಡಬೇಡಿ. ಸಸ್ಯಾಹಾರಿಗಳೇ, ಮುತ್ತು ಕೊಡಿ ಅಂದರು, ತಿನ್ನಿ ಅನ್ನಲಿಲ್ಲ. ಸುಮ್ನೆ ಕೊಟ್ಟುಬಿಡಿ.

ಹಿಂತಿರುಗುವಾಗ ಟ್ಯಾಕ್ಸಿ ಹಿಡಿಯಿರಿ. ಕುಡಿದವರ ಕಾರು ಹತ್ತಬೇಡಿ. ಬೇಸಿಗೆಯಾದರೂ ಜಾಕೆಟ್ ಇರಲಿ, ಸಮುದ್ರದ ಮಂಜು ಯಾವಾಗ ಬೇಕಾದರೂ ಬರುತ್ತದೆ. ಹಸಿವಾದರೆ ಫ್ರೆಂಚ್ ಫ್ರೈಸ್ ಮೇಲೆ ಡ್ರೆಸಿಂಗ್ ಅನ್ನುವ ಮಸಾಲೆ ಬೆರೆಸಿದ ಬ್ರೆಡ್ ಪುಡಿ, ಗ್ರೇವಿ ಹಾಕಿ ಕೊಡುತ್ತಾರೆ. ಗ್ರೇವಿಯಲ್ಲಿ ಮಾಂಸ ಇರಬಹುದು, ಕೇಳಿಕೊಳ್ಳಿ.

ಇನ್ನೊಂದೇ ಒಂದು ಮಾತು. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಮಮ್ಮರ್‌ಗಳು ಬರುತ್ತಾರೆ. ಮುಖಕ್ಕೆ ಬಟ್ಟೆ ಮುಚ್ಚಿಕೊಂಡು, ಗಂಡಸು ಹೆಂಗಸಿನ ಬಟ್ಟೆ ಹಾಕಿಕೊಂಡು, ದನಿ ಬದಲಾಯಿಸಿಕೊಂಡು ಮನೆಮನೆಗೆ ಹೋಗುವವರು. ಕೊಲೆಯೊಂದು ನಡೆಯಿತು ಅಂತ 1861ರಲ್ಲಿ ಇದನ್ನು ಕಾನೂನಿನಿಂದಲೇ ತಡೆದಿದ್ದರು. ಆದರೂ ಉಳಿದುಕೊಂಡಿತು. ನಿಮ್ಮ ಬಾಗಿಲು ತಟ್ಟಿದರೆ ಒಳಗೆ ಕರೆಯಿರಿ, ಯಾರು ಅಂತ ಊಹೆ ಮಾಡಿ, ಒಂದು ತುಂಡು ಕೇಕ್ ಕೊಡಿ. ಗುರುತು ಸಿಕ್ಕದಿದ್ದರೆ ಎರಡು ಕೊಡಿ. ನಮಸ್ಕಾರ.